ಜಿಪ್ಸಿಗೆ ಥರ್ಮೋಸ್ಟಾಟ್: 82 ಅಥವಾ 88 ಡಿಗ್ರಿ? ಐದು ಭಾನುವಾರಗಳ ಲೆಕ್ಕ

ಗಾಡಿ 2004ರ ಮಾರುತಿ ಜಿಪ್ಸಿ. 1.3 ಲೀಟರ್ ಪೆಟ್ರೋಲ್, ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಚಿಮ್ಮಿಸುವ) ಎಂಜಿನ್. ನನ್ನ ಕೈಗೆ ಬಂದು ಒಂದೂವರೆ ವರ್ಷವಾಗಿದೆ. ಓಡಾಟ ಹೆಚ್ಚಿಲ್ಲ. ಮಡಿಕೇರಿಯ ಮನೆಯಿಂದ ತೋಟಕ್ಕೆ ನಾಲ್ಕೂವರೆ ಕಿಲೋಮೀಟರ್, ದಿನಕ್ಕೆ ಎರಡು ಸಲ. ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಪುತ್ತೂರಿನ ಅಕ್ಕನ ಮನೆಗೆ. ಕೊಂಡ ದಿನದಿಂದಲೂ ಟೆಂಪರೇಚರ್ ಮುಳ್ಳು ಕೆಳಗಿನ ಗೆರೆಯಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಲ್ಲುತ್ತಿತ್ತು. ಬಿಸಿಯಾಗುವ ಗಾಡಿಯ ಬಗ್ಗೆ ಎಲ್ಲರೂ ಹೆದರುತ್ತಾರೆ, ತಣ್ಣಗಿರುವ ಗಾಡಿಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ.

ಮೇ ಕೊನೆಯಲ್ಲಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಮೊಸರಿನ ಕೆನೆಯಂಥ ಬಿಳಿ ಪದರ ಕಂಡಿತು. ತೋರಿಸಿದ ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಆಯಿಲ್ ಮತ್ತು ನೀರು ಬೆರೆಯದಂತೆ ತಡೆಯುವ ಸೀಲು) ಹೋಗಿದೆ, 14,000 ರೂಪಾಯಿ ಆಗುತ್ತದೆ ಎಂದರು. ಆದರೆ ರೇಡಿಯೇಟರಿನ ನೀರು ಒಂದು ಲೋಟವೂ ಕಡಿಮೆಯಾಗುತ್ತಿರಲಿಲ್ಲ. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿತ್ತು. ಮೈಲೇಜ್ ಮಾತ್ರ ಲೀಟರಿಗೆ 8.2. ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಎಂಜಿನ್ ಎಂದೂ ಪೂರ್ತಿ ಕಾಯುತ್ತಲೇ ಇಲ್ಲ ಎಂಬ ಅನುಮಾನ ಬಂತು. ಕಾಯದ ಎಂಜಿನ್ನಿನಲ್ಲಿ ನೀರಿನ ಪಸೆ ಆವಿಯಾಗಿ ಹೋಗದೆ ಮುಚ್ಚಳದಲ್ಲೇ ಆಯಿಲ್ ಜತೆ ಸೇರಿ ಕೆನೆ ಕಟ್ಟುತ್ತದೆ. ಗ್ಯಾರೇಜಿಗೆ ಒಂದು ತಿಂಗಳು ಬಿಟ್ಟು ಬರುತ್ತೇನೆಂದು ಹೇಳಿ ಮನೆಯಲ್ಲೇ ಕೆಲಸ ಶುರುಮಾಡಿದೆ.

ಜೂನ್ 9, 2024: ಬಿಚ್ಚಿದ್ದು

ಮೊದಲು ಅಳತೆ. ದೂರದಿಂದ ತಾಪ ಓದುವ ಇನ್‌ಫ್ರಾರೆಡ್ ಥರ್ಮೋಮೀಟರ್ ಒಂದನ್ನು ಹಿಂದಿನ ವಾರವೇ ತರಿಸಿದ್ದೆ, 1,150 ರೂಪಾಯಿ. ಮಳೆಯಲ್ಲಿ 12 ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಸೇರುವ ಅಲ್ಯೂಮಿನಿಯಂ ಕುತ್ತಿಗೆಗೆ ಹಿಡಿದೆ. 41 ತೋರಿಸಿತು. ಕೈ ಇಟ್ಟರೆ ಸುಡುವಷ್ಟಿದೆ, ಉಪಕರಣ ನೋಡಿದರೆ 41. ಹೊಳೆಯುವ ಲೋಹದ ಮೇಲೆ ಈ ಉಪಕರಣ ಸುಳ್ಳು ಹೇಳುತ್ತದೆ. ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪಿನ ಒಂದು ತುಂಡನ್ನು ಆ ಜಾಗಕ್ಕೆ ಅಂಟಿಸಿ, ಅದರ ಮೇಲೆ ಅಳೆದಾಗ 57 ಬಂತು. ಆಮೇಲಿನ ಎಲ್ಲ ಅಳತೆಯೂ ಅದೇ ಟೇಪಿನ ಮೇಲೆ.

12 ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ 57 ಡಿಗ್ರಿ ಎಂದರೆ ಥರ್ಮೋಸ್ಟಾಟ್ (ನೀರು ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಕಾದ ಮೇಲೆ ತೆರೆಯುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರಬೇಕು, ಇಲ್ಲವೇ ಇಲ್ಲದಿರಬೇಕು.

ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿ ನೀರು ಇಳಿಸಿದೆ. ಕೂಲೆಂಟಿನ ಸುಳಿವೇ ಇಲ್ಲ, ತುಕ್ಕು ಕಲಸಿದ ಕಂದು ನೀರು. ಈ ಎಂಜಿನ್ನಿನಲ್ಲಿ ಥರ್ಮೋಸ್ಟಾಟಿನ ಗೂಡು ಇನ್‌ಟೇಕ್ ಮ್ಯಾನಿಫೋಲ್ಡಿನ ಮುಂದುಗಡೆ ಇದೆ. ಮೇಲಿನ ಹೋಸ್ ಹಿಡಿದುಕೊಂಡು ಹೋದರೆ ಸಿಗುತ್ತದೆ. ಎರಡು ಬೋಲ್ಟು, 12 ಎಂಎಂ ಸ್ಪ್ಯಾನರ್. ಒಂದು ಸಲೀಸಾಗಿ ಬಂತು, ಇನ್ನೊಂದು ಅಲುಗಲಿಲ್ಲ. ಅಲ್ಯೂಮಿನಿಯಂ ಒಳಗೆ ತುಕ್ಕು ಹಿಡಿದ ಬೋಲ್ಟನ್ನು ಬಲ ಹಾಕಿ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ, ಆಮೇಲೆ ಡ್ರಿಲ್ ಹಾಕಿ ಕೊರೆಯುವ ಕೆಲಸ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಟ್ಟೆ. ಮರುದಿನ ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ಹತ್ತಿಪ್ಪತ್ತು ಸಲ ತಟ್ಟಿ, ಬಿಗಿ ಮಾಡುವ ದಿಕ್ಕಿಗೆ ಒಂದಿಷ್ಟೇ ಇಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದಾಗ ಕಿರುಗುಟ್ಟುತ್ತ ಬಂತು.

ಒಳಗೆ ಥರ್ಮೋಸ್ಟಾಟ್ ಇರಲಿಲ್ಲ. ಅದರ ಬಳೆ ಮಾತ್ರ ಇತ್ತು. ಯಾರೋ ನಡುವಿನ ವಾಲ್ವ್, ಸ್ಪ್ರಿಂಗ್ ಎಲ್ಲವನ್ನೂ ಕುಟ್ಟಿ ತೆಗೆದು, ಗ್ಯಾಸ್ಕೆಟ್ ಕೂರಲಿ ಎಂದು ಹೊರಗಿನ ಬಳೆಯನ್ನು ಹಾಗೇ ಉಳಿಸಿದ್ದರು. ಎಂದೋ ಗಾಡಿ ಬಿಸಿಯಾಗಿರಬೇಕು, ಕಾರಣ ಹುಡುಕುವ ಬದಲು ಇದನ್ನು ಮಾಡಿದ್ದಾರೆ. ನಮ್ಮಲ್ಲಿ ಬಹಳ ಗಾಡಿಗಳಿಗೆ ಇದೇ ಗತಿ. ಬಳೆಯ ಮೇಲೆ ತುಕ್ಕು, ಹಳೆಯ ಗ್ಯಾಸ್ಕೆಟ್ ಅಂಟು ದಪ್ಪವಾಗಿ ಮೆತ್ತಿತ್ತು. ಅಳತೆಗೆ ಬೇಕಾಗುತ್ತದೆಂದು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಆಗಲೇ ಅದನ್ನು ಉಜ್ಜಿ ತೊಳೆದಿದ್ದರೆ ಮುಂದಿನ ಅರ್ಧ ಕತೆ ನಡೆಯುತ್ತಲೇ ಇರಲಿಲ್ಲ.

ಜೂನ್ 16: 88ನ್ನು ತಂದು ವಾಪಸ್ ಕೊಟ್ಟದ್ದು

ಶನಿವಾರವೇ ಬಿಡಿಭಾಗಗಳ ಅಂಗಡಿಗೆ ಹೋಗಿದ್ದೆ. ಈ ಜಾತಿಯ ಎಂಜಿನ್ನಿಗೆ ನನ್ನ ಬಳಿಯಿರುವ ಹಳೆಯ ಕೈಪಿಡಿಯಲ್ಲಿ ಎರಡು ಥರ್ಮೋಸ್ಟಾಟ್ ಕೊಟ್ಟಿದ್ದಾರೆ: ಒಂದು 82 ಡಿಗ್ರಿಗೆ ತೆರೆಯಲು ಶುರುವಾಗಿ 95ಕ್ಕೆ ಪೂರ್ತಿ ತೆರೆಯುವುದು, ಇನ್ನೊಂದು 88ಕ್ಕೆ ಶುರುವಾಗಿ 100ಕ್ಕೆ ಪೂರ್ತಿಯಾಗುವುದು. ಎರಡರಲ್ಲೂ ಪೂರ್ತಿ ತೆರೆದಾಗ ವಾಲ್ವ್ 8 ಮಿಲಿಮೀಟರಿಗಿಂತ ಹೆಚ್ಚು ಏಳಬೇಕು. ಇದಲ್ಲದೆ ಪಕ್ಕದ ತೋಟದವರು 71 ಡಿಗ್ರಿಯದು ಹಾಕಿಸು, ಘಾಟಿ ಹತ್ತುವಾಗ ನಿಶ್ಚಿಂತೆ ಎಂದಿದ್ದರು.

71ರ ಮಾತನ್ನು ನಾನು ಒಪ್ಪಲಿಲ್ಲ. ಥರ್ಮೋಸ್ಟಾಟ್ ಹಾಕುವುದು ಎಂಜಿನ್ ಇದಕ್ಕಿಂತ ತಣ್ಣಗಾಗಬಾರದು ಎಂಬ ಕೆಳಗಿನ ಗೆರೆಯನ್ನು. ಘಾಟಿಯಲ್ಲಿ ಅದು ಹೇಗೂ ಸಾಕಷ್ಟು ತೆರೆದಿರುತ್ತದೆ. ಮೇಲಿನ ಗೆರೆಯನ್ನು ಕಾಯುವವರು ರೇಡಿಯೇಟರ್, ಫ್ಯಾನ್, ಪಂಪು ಮತ್ತು ಮುಚ್ಚಳ. ಇವುಗಳಲ್ಲಿ ಒಂದು ಸೋತಿದ್ದರೆ 71ರದ್ದು ಹಾಕಿದರೂ ಗಾಡಿ ಕುದಿಯುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ಜತೆಗೆ ನನ್ನದು ಎಂಪಿಎಫ್‌ಐ. ನೀರು ತಣ್ಣಗಿದೆ ಎಂದು ಸೆನ್ಸರ್ ಹೇಳುವವರೆಗೂ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಅಂಗಡಿಯ ಹಿರಿಯರು ಬಳೆಯನ್ನು ಎರಡು ಹೊಸ ಥರ್ಮೋಸ್ಟಾಟುಗಳ ಮೇಲೆ ಇಟ್ಟು ಗಾತ್ರ ಹೊಂದಿಸಿದರು. "ಈ ಗಾಡಿಗೆ 82 ಸರಿ ಸರ್" ಎಂದರು. ಮಡಿಕೇರಿಯ ಚಳಿ, ಮಳೆ, ನನ್ನ ನಾಲ್ಕೂವರೆ ಕಿಲೋಮೀಟರ್ ಓಡಾಟ ಇದನ್ನೆಲ್ಲ ಯೋಚಿಸಿ ನಾನು 88 ಬೇಕೆಂದು ಹಟ ಹಿಡಿದೆ. 540 ರೂಪಾಯಿ.

ಗಾತ್ರದ ಬಗ್ಗೆ ಒಂದು ಮಾತು. ಹೊರಗಿನ ಬಳೆಯ ವ್ಯಾಸ ಒಂದೇ ಆದರೆ ಸಾಲದು. ಬಳೆಯ ದಪ್ಪ, ಕೆಳಗಿನ ಸ್ಪ್ರಿಂಗ್ ಭಾಗದ ಉದ್ದ, ಗಾಳಿ ಬಿಡುವ ಪುಟ್ಟ ಪಿನ್ನು ಇದೆಯೇ ಎಂಬುದನ್ನೂ ನೋಡಬೇಕು. ಕೆಲವು ಎಂಜಿನ್ನುಗಳ ಥರ್ಮೋಸ್ಟಾಟಿಗೆ ಕೆಳಗೆ ಇನ್ನೊಂದು ತಟ್ಟೆ ಇರುತ್ತದೆ. ಎಂಜಿನ್ ಕಾದಾಗ ಬೈಪಾಸ್ ದಾರಿಯನ್ನು ಮುಚ್ಚುವುದು ಅದರ ಕೆಲಸ. ಅಂಥ ಗಾಡಿಗೆ ತಟ್ಟೆಯಿಲ್ಲದ್ದನ್ನು ಹಾಕಿದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ನನ್ನ ಜಿಪ್ಸಿಯದು ತಟ್ಟೆಯಿಲ್ಲದ ಜಾತಿ.

ಹೊಸದಾದರೂ ಹಾಕುವ ಮುನ್ನ ಕುದಿಸಿ ನೋಡುವುದು ನನ್ನ ಅಭ್ಯಾಸ. ಹಿತ್ತಲ ಒಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆ, ಅದರಲ್ಲಿ ನೀರು. ವಾಲ್ವಿನ ಬಾಯಿಗೆ ದಾರದ ತುದಿಯನ್ನು ಸಿಕ್ಕಿಸಿ ಥರ್ಮೋಸ್ಟಾಟನ್ನು ಆ ದಾರದಿಂದಲೇ ತೂಗುಬಿಡಬೇಕು, ಪಾತ್ರೆಯ ತಳ ಮುಟ್ಟಬಾರದು. ವಾಲ್ವ್ ತೆರೆದ ಕ್ಷಣ ದಾರ ಕಳಚಿ ಅದು ನೀರಿಗೆ ಬೀಳುತ್ತದೆ. ಆಗ ಥರ್ಮೋಮೀಟರ್ ತೋರಿಸುವುದೇ ತೆರೆಯುವ ತಾಪ. ಎಷ್ಟು ಏಳುತ್ತದೆ ಎಂದು ನೋಡಲು ಡ್ರಿಲ್ ಬಿಟ್ಟುಗಳ ಹಿಡಿ ಸಾಕು: 8 ಎಂಎಂ ಬಿಟ್ಟು ಬಾಯೊಳಗೆ ಹೊಕ್ಕರೆ ಪಾಸ್.

ಅಡುಗೆಯ ಥರ್ಮೋಮೀಟರ್ ಹೊಸದು, 380 ರೂಪಾಯಿ. ಅದನ್ನು ನಂಬಬಹುದೇ ಎಂದು ಮೊದಲು ಕುದಿಯುವ ನೀರಿನಲ್ಲಿ ಹಿಡಿದೆ. 96ರಲ್ಲಿ ನಿಂತಿತು. ನೀರು ಕುದಿಯುವುದು 100ಕ್ಕೆ, ಹಾಗಾದರೆ ಇದು 4 ಡಿಗ್ರಿ ಕಡಿಮೆ ತೋರಿಸುತ್ತದೆ ಎಂದು ಡೈರಿಯಲ್ಲಿ ಬರೆದುಕೊಂಡು, ಪ್ರತಿ ಅಳತೆಗೂ 4 ಕೂಡಿಸಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ದಾರ ಕಳಚಿದ್ದು 88ರಲ್ಲಿ. ನಾನು ಬರೆದದ್ದು 92. ನೀರು ಭರ್ಜರಿಯಾಗಿ ಕುದಿಯುತ್ತಿದ್ದಾಗಲೂ 5 ಎಂಎಂ ಬಿಟ್ಟು ಹೊಕ್ಕಿತೇ ಹೊರತು 8ರದ್ದು ಹೋಗಲೇ ಇಲ್ಲ. ಕಾಲು ಗಂಟೆ ಕುದಿಸಿದೆ, ಬದಲಾಗಲಿಲ್ಲ. ತಡವಾಗಿ ತೆರೆಯುತ್ತದೆ, ಅರ್ಧವೇ ತೆರೆಯುತ್ತದೆ. ಮಾಲು ಕೆಟ್ಟದ್ದು ಎಂದು ತೀರ್ಮಾನಿಸಿ ಸೋಮವಾರ ಅಂಗಡಿಗೆ ಹೋದೆ. ಸ್ವಲ್ಪ ಗಟ್ಟಿ ದನಿಯಲ್ಲೇ ಮಾತಾಡಿದೆ. ಹಿರಿಯರು ವಾದಕ್ಕೆ ನಿಲ್ಲದೆ ಅದನ್ನು ಹಿಂದಕ್ಕೆ ಪಡೆದು, 460 ರೂಪಾಯಿಯ 82ನ್ನು ಕೊಟ್ಟು, 80 ರೂಪಾಯಿ ವಾಪಸ್ ಎಣಿಸಿದರು.

ಜೂನ್ 23: 82ನ್ನು ಎರಡು ಸಲ ಕೂರಿಸಿದ್ದು

ಅದೇ ಪಾತ್ರೆ, ಅದೇ ದಾರ. 82ರಲ್ಲಿ ಕಳಚಿತು, ನನ್ನ ಲೆಕ್ಕಕ್ಕೆ 86. ಕುದಿಯುವ ನೀರಿನಲ್ಲಿ 8 ಎಂಎಂ ಬಿಟ್ಟು ಸರಾಗವಾಗಿ ಹೊಕ್ಕಿತು. ನನಗೆ ಬೇಕಿದ್ದ 88ಕ್ಕೆ ಹತ್ತಿರವೇ ಇದೆ ಎಂದು ಸಮಾಧಾನವಾಯಿತು.

ಗೂಡಿನ ಮುಖವನ್ನು ಬ್ಲೇಡಿನಿಂದ ಕೆರೆದು, ಎಮೆರಿ ಕಾಗದದಿಂದ ಉಜ್ಜಿದೆ. ಸ್ಪ್ರಿಂಗ್ ಎಂಜಿನ್ ಕಡೆಗೆ, ಹೊಸ ಗ್ಯಾಸ್ಕೆಟ್, ಎರಡು ಬೋಲ್ಟನ್ನೂ ಒಂದೊಂದು ಸುತ್ತು ಬದಲಾಯಿಸುತ್ತ ಬಿಗಿದೆ. ಹಳೆಯ ಹೋಸ್ ಕ್ಲಿಪ್ಪುಗಳು ಸೊರಗಿದ್ದವು, ಎರಡು ಹೊಸದು. ರೇಡಿಯೇಟರನ್ನು ನಲ್ಲಿ ನೀರಿನಿಂದ ಮೂರು ಸಲ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ತುಂಬಿಸಿದೆ. ನಾಲ್ಕು ಲೀಟರ್ ಹಿಡಿಯಿತು. ಇನ್ನೂ ಹಿಡಿಯಬೇಕಿತ್ತು, ಅದನ್ನು ಗಮನಿಸಬೇಕಿತ್ತು.

ಎಂಜಿನ್ ಶುರುಮಾಡಿದ ಒಂಬತ್ತನೆಯ ನಿಮಿಷಕ್ಕೆ ಮುಳ್ಳು ಮಧ್ಯ ದಾಟಿ ಕೆಂಪು ಗೆರೆಯ ಕಡೆ ನಡೆಯಿತು. ಮೇಲಿನ ಹೋಸ್ ಮುಟ್ಟಿದರೆ ತಣ್ಣಗಿದೆ. ತಕ್ಷಣ ಆರಿಸಿದೆ. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟದೆ ಕಾದು, ದ್ರವವನ್ನು ಶುದ್ಧ ಬಕೆಟ್ಟಿಗೆ ಇಳಿಸಿಕೊಂಡು ಮತ್ತೆ ಬಿಚ್ಚಿದೆ. ಪುಟ್ಟ ಪಿನ್ನನ್ನು ನಾನು ಕೆಳಗಡೆ ಮಾಡಿ ಕೂರಿಸಿದ್ದೆ. ಅದು ಮೇಲಿರಬೇಕು, ತುಂಬಿಸುವಾಗ ಒಳಗಿನ ಗಾಳಿ ಅದರ ಮೂಲಕವೇ ಹೊರಗೆ ಹೋಗುತ್ತದೆ. ಗಾಳಿ ಥರ್ಮೋಸ್ಟಾಟಿನ ಕೆಳಗೆ ಸಿಕ್ಕಿಕೊಂಡರೆ ಅದಕ್ಕೆ ಬಿಸಿನೀರು ತಾಗುವುದಿಲ್ಲ, ತಾಗದೆ ಅದು ತೆರೆಯುವುದಿಲ್ಲ.

ಎರಡನೆಯ ಗ್ಯಾಸ್ಕೆಟ್ ಹಾಕಿ, ಪಿನ್ನನ್ನು ಮೇಲೆ ಮಾಡಿ, ಗಾಡಿಯ ಮೂತಿ ಎತ್ತರದಲ್ಲಿರುವಂತೆ ಮನೆಯ ಮುಂದಿನ ಏರಿನಲ್ಲಿ ನಿಲ್ಲಿಸಿ ನಿಧಾನವಾಗಿ ಸುರಿದೆ. ಈ ಸಲ ಸುಮಾರು ಐದು ಲೀಟರ್ ಹಿಡಿಯಿತು. ಮುಚ್ಚಳ ತೆರೆದಿಟ್ಟೇ ಎಂಜಿನ್ ಓಡಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿದೆ. ಮುಚ್ಚಳದ ರಬ್ಬರ್ ಸೀಲನ್ನೂ ನೋಡಿಕೊಂಡೆ, ಬಿರುಕಿರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಯಿತು. ಮುಳ್ಳು ಮಧ್ಯಕ್ಕಿಂತ ಕೂದಲೆಳೆ ಕೆಳಗೆ ನಿಂತಿತು. ಈ ಗಾಡಿಯಲ್ಲಿ ಮುಳ್ಳು ಆ ಜಾಗದಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆರಿಸಲು ಮನಸ್ಸಾಗದೆ ಹತ್ತು ನಿಮಿಷ ಸುಮ್ಮನೆ ಓಡಿಸಿದೆ.

ಮುಂದಿನ ಎರಡು ವಾರದ ಟೇಪಿನ ಅಳತೆಗಳು: ಮಳೆಯಲ್ಲಿ ತೋಟಕ್ಕೆ ಹೋಗಿ ನಿಂತಾಗ 79ರಿಂದ 82, ದೊಡ್ಡ ರಸ್ತೆಯಲ್ಲಿ 60ರ ವೇಗದಲ್ಲಿ ಓಡಿಸಿ ನಿಂತಾಗ 81ರಿಂದ 84. ಇಲ್ಲಿ ನನಗೆ ಒಂದು ಅನುಮಾನ ಬರಬೇಕಿತ್ತು. 86ಕ್ಕೆ ತೆರೆಯುವ ಥರ್ಮೋಸ್ಟಾಟ್ 82ರಲ್ಲಿ ಹೇಗೆ ನಿಲ್ಲುತ್ತದೆ? ಇನ್‌ಫ್ರಾರೆಡ್ಡಿನ ದೋಷವಿರಬೇಕು ಎಂದು ಬಿಟ್ಟುಬಿಟ್ಟೆ.

ಜುಲೈ 7: ಪುತ್ತೂರಿನ ಅಡುಗೆಮನೆ

ಘಾಟಿ ಇಳಿಯುವಾಗ ಮೊದಲು ಮುಳ್ಳು ತಳಕ್ಕೆ ಬೀಳುತ್ತಿತ್ತು, ಈಗ ಜಾಗ ಬಿಡಲಿಲ್ಲ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಅಂದು ಸಕ್ಕರೆ ಪಾಕ ಮಾಡಬೇಕಿತ್ತು, ನನ್ನ ಥರ್ಮೋಮೀಟರ್ ತರಲು ಹೇಳಿದ್ದಳು. ಕೊಡುವಾಗ "ಇದು 4 ಡಿಗ್ರಿ ಕಡಿಮೆ ತೋರಿಸುತ್ತದೆ, ಕೂಡಿಸಿಕೋ" ಎಂದೆ. ಅವಳು ಮೊದಲು ಕುದಿಯುವ ನೀರಿನಲ್ಲಿ ಅದ್ದಿದಳು.

"ನೂರು ತೋರಿಸುತ್ತಿದೆಯಲ್ಲೋ. ನಿನ್ನ ಲೆಕ್ಕದಲ್ಲಿ ನನ್ನ ಮನೆಯ ನೀರು 104ಕ್ಕೆ ಕುದಿಯುತ್ತದೆಯೇ?"

ನಾನು ಉತ್ತರ ಕೊಡಲಿಲ್ಲ.

"ಎಲ್ಲಿ ಪರೀಕ್ಷೆ ಮಾಡಿದೆ?"

"ಮಡಿಕೇರಿಯಲ್ಲಿ."

"ಅಲ್ಲಿ ನೀರು 96ಕ್ಕೇ ಕುದಿಯುತ್ತದೆ ಕಣೋ. ಎಂಟನೆಯ ಕ್ಲಾಸಿನ ಮಕ್ಕಳಿಗೂ ಇದನ್ನು ಹೇಳುತ್ತೇನೆ."

ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆಲ್ಲ ನೀರು ಕುದಿಯುವ ತಾಪ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಥರ್ಮೋಮೀಟರ್ ಮೊದಲಿನಿಂದಲೂ ಸರಿಯಾಗಿತ್ತು. ಅಂಗಡಿಯವರು ಕೊಟ್ಟ 88 ನಿಜವಾಗಿಯೂ 88ಕ್ಕೇ ತೆರೆದಿತ್ತು, 82 ಕೂಡ 82ಕ್ಕೇ. 100ಕ್ಕೆ ಪೂರ್ತಿ ತೆರೆಯುವ ವಾಲ್ವನ್ನು 96 ದಾಟದ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಇದು ಮಡಿಕೇರಿಯವರಿಗೆ ಮಾತ್ರವಲ್ಲ. ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೆ, ಮೈಸೂರಿನಲ್ಲಿ ಅದಕ್ಕಿಂತ ಅರ್ಧ ಡಿಗ್ರಿ ಹೆಚ್ಚಿಗೆ ಕುದಿಯುತ್ತದೆ. ಅಲ್ಲಿಯೂ 88ರ ಥರ್ಮೋಸ್ಟಾಟ್ ಪಾತ್ರೆಯ ನೀರಿನಲ್ಲಿ ಪೂರ್ತಿ ತೆರೆದು ತೋರಿಸುವುದಿಲ್ಲ. ಮಂಗಳೂರಿನಲ್ಲಿ ಮಾತ್ರ ಈ ಪರೀಕ್ಷೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಗಾಡಿಯ ಒಳಗಿನ ಮಾತು ಬೇರೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡ ಕುದಿಯುವ ತಾಪವನ್ನು ಸುಮಾರು 20 ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಮುಚ್ಚಳದ ರಬ್ಬರ್ ಹೋದರೆ, ಬರೀ ನೀರು ತುಂಬಿದ ಬೆಟ್ಟದ ಮೇಲಿನ ಗಾಡಿ 96ಕ್ಕೇ ಕುದಿಯುತ್ತದೆ ಎಂಬುದೂ ಅಂದೇ ಹೊಳೆಯಿತು.

ವಾಪಸ್ ಘಾಟಿ ಹತ್ತುವಾಗ ನಾಲ್ಕು ಜನ, ಎರಡು ತೆಂಗಿನಕಾಯಿ ಚೀಲ. ತುದಿಯಲ್ಲಿ ನಿಲ್ಲಿಸಿ ಅಳೆದರೆ ಟೇಪಿನ ಮೇಲೆ 91.

ಜುಲೈ 14: ಬಳೆ

ಬೆಳಿಗ್ಗೆ ಚೀಲದಿಂದ ಹಳೆಯ ಬಳೆ ತೆಗೆದು, ಡೀಸೆಲ್ಲಿನಲ್ಲಿ ಒಂದು ಗಂಟೆ ನೆನೆಸಿ, ಎಮೆರಿ ಕಾಗದದಿಂದ ಉಜ್ಜಿದೆ. ಅಂಟಿನ ಕೆಳಗೆ ಅಚ್ಚೊತ್ತಿದ ಎರಡು ಅಂಕಿ ಕಂಡವು: 82.

ಅಂಗಡಿಗೆ ಹೋದೆ. ಹಿರಿಯರ ಮುಂದೆ ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ವಾಪಸ್ ಕೊಟ್ಟ 88 ಎಲ್ಲಿ ಎಂದು ಕೇಳಿದಾಗ ಮೇಜಿನ ಡ್ರಾಯರಿನಿಂದ ತೆಗೆದರು. "ಕುದಿಸಿದ ಸಾಮಾನನ್ನು ಇನ್ನೊಬ್ಬರಿಗೆ ಹೇಗೆ ಮಾರಲಿ ಸರ್? ಕಂಪನಿಗೂ ಕಳಿಸಲಿಲ್ಲ, ಅದರಲ್ಲಿ ತಪ್ಪಿಲ್ಲ ಎಂದು ಗೊತ್ತಿತ್ತು." 540 ರೂಪಾಯಿ ಕೊಟ್ಟು ಅದನ್ನು ಮನೆಗೆ ತಂದೆ.

ಮಧ್ಯಾಹ್ನ ಅದನ್ನು ಸರಿಯಾಗಿ ಪರೀಕ್ಷಿಸಿದೆ. ಕೂಲೆಂಟ್ ಮತ್ತು ನೀರಿನ ಸಮಪಾಲು ಮಿಶ್ರಣ ಮಡಿಕೇರಿಯಲ್ಲೂ 100 ದಾಟಿದ ಮೇಲೆಯೇ ಕುದಿಯುತ್ತದೆ. ಎಸೆಯುವಂಥ ತಗಡಿನ ಡಬ್ಬಿಯಲ್ಲಿ, ಹೊರಗಿನ ಒಲೆಯ ಮೇಲೆ ಮಾಡಿದೆ. ಅಡುಗೆಯ ಪಾತ್ರೆಯಲ್ಲಿ ಇದನ್ನು ಖಂಡಿತ ಮಾಡಬೇಡಿ. ಕೂಲೆಂಟ್ ವಿಷ, ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಥರ್ಮೋಮೀಟರನ್ನೂ ಅಡುಗೆಗೆ ಮತ್ತೆ ಬಳಸುವಂತಿಲ್ಲ. 88ಕ್ಕೆ ದಾರ ಕಳಚಿತು. 100ಕ್ಕೆ 8 ಎಂಎಂ ಬಿಟ್ಟು ಹೊಕ್ಕಿತು.

ಈಗ 88 ಹಾಕಲೇ ಎಂದು ಒಂದು ಸಂಜೆ ಯೋಚಿಸಿದೆ. ಬೇಡ ಎಂದು ನಿರ್ಧರಿಸಿದೆ. ಬಳೆ 82 ಎನ್ನುತ್ತಿದೆ, ಮಡಿಕೇರಿಯ ಚಳಿ ಹಿಮ ಬೀಳುವ ದೇಶದ ಚಳಿಯಲ್ಲ, ಮತ್ತು ಆಯಿಲ್ ಮುಚ್ಚಳ ಮೂರು ವಾರದಿಂದ ಒಣಗಿಯೇ ಇದೆ. ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ ಮೈಲೇಜ್ 10.6. ಇಪ್ಪತ್ತು ವರ್ಷದ ರೇಡಿಯೇಟರನ್ನು ಇನ್ನೂ ಆರು ಡಿಗ್ರಿ ಮೇಲಿನಿಂದ ಕೆಲಸ ಶುರುಮಾಡಿಸಲು ನನಗೆ ಕಾರಣ ಕಾಣಲಿಲ್ಲ. ಹೆಡ್ ಗ್ಯಾಸ್ಕೆಟ್ ಬಿಚ್ಚುವ ಪ್ರಶ್ನೆಯೇ ಉಳಿಯಲಿಲ್ಲ, ಗ್ಯಾರೇಜಿಗೆ ಹೋಗಿ ಹಾಗೆಂದು ಹೇಳಿ ಬಂದೆ.

ಖರ್ಚು: 82ರ ಥರ್ಮೋಸ್ಟಾಟ್ 460, 88ರದ್ದು 540, ಗ್ಯಾಸ್ಕೆಟ್ ಎರಡು 80, ಕೂಲೆಂಟ್ ಮೂರು ಲೀಟರ್ 870, ಡಿಸ್ಟಿಲ್ಡ್ ನೀರು 120, ಕ್ಲಿಪ್ಪು ಎರಡು 70, ಎಮೆರಿ ಕಾಗದ 20, ಇನ್‌ಫ್ರಾರೆಡ್ 1,150, ಅಡುಗೆಯ ಥರ್ಮೋಮೀಟರ್ 380. ಒಟ್ಟು 3,690 ರೂಪಾಯಿ. ಅಕ್ಕನಿಗೆ ಹೊಸ ಥರ್ಮೋಮೀಟರ್ ಒಂದನ್ನು ಕೊಡಿಸುವುದು ಬಾಕಿಯಿದೆ.

ಗಾಡಿಯಲ್ಲಿ ಉಳಿದ ಕೆಲಸ ಫ್ಯಾನಿನದು. ನಿಂತಲ್ಲೇ ಇಪ್ಪತ್ತು ನಿಮಿಷ ಓಡಿಸಿದರೆ ಟೇಪಿನ ಮೇಲೆ 95 ದಾಟುತ್ತದೆ, ಬಿಸಿ ಎಂಜಿನ್ ಆರಿಸಿ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಬಿಗಿಯೇ ಇಲ್ಲದೆ ಸುತ್ತುತ್ತದೆ. ಬಿಸಿಯಾದಾಗ ಫ್ಯಾನನ್ನು ಬಿಗಿ ಹಿಡಿದು ತಿರುಗಿಸುವ ಅದರ ಕ್ಲಚ್ಚಿನೊಳಗಿನ ಎಣ್ಣೆ ಸೋರಿರಬೇಕು. ಮುಂದಿನ ಭಾನುವಾರ ಅದನ್ನು ಇಳಿಸುತ್ತೇನೆ, ಇಳಿಸಿದ ಕೂಡಲೇ ಮೊದಲು ತೊಳೆದು ಅಂಕಿ ಓದುತ್ತೇನೆ.